ದುಡಿದು ಹಣ್ಣಾದ ಆ್ಯಂಗಲ್ ಗ್ರೈಂಡರ್: ಆರೈಕೆ ಮತ್ತು ರಿಪೇರಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೈಂಡರ್ ಎಂದ ಕೂಡಲೇ ನಮ್ಮ ಮನೆಯವರಿಗೆ ನೆನಪಾಗುವುದು ದೋಸೆಹಿಟ್ಟು. ಇಲ್ಲಿ ಹೇಳಹೊರಟಿರುವುದು ಕಬ್ಬಿಣ, ಕಲ್ಲು, ಟೈಲ್ಸ್ ಕೊಯ್ಯುವ ಆ್ಯಂಗಲ್ ಗ್ರೈಂಡರ್ ವಿಷಯ. ಅಂಗಡಿಯಲ್ಲಿ ಇದು, ಡಿಸ್ಕಿನ ಇಂಚಿನ ಲೆಕ್ಕದಲ್ಲಿ, ‘ಎಜಿ ಫೋರ್’, ‘ಎಜಿ ಸೆವೆನ್’. ಕೆಲಸದ ಜಾಗದಲ್ಲಿ ಬರೀ ‘ಕಟಿಂಗ್ ಮೆಷಿನ್’. ಸಾಗರದ ಕಡೆ ಗೇಟು, ಗ್ರಿಲ್, ಅಡಿಕೆ ಒಣಗಿಸುವ ಶೆಡ್ಡಿನ ಕೆಲಸ ಮಾಡುವ ವೆಲ್ಡಿಂಗ್ ಅಂಗಡಿ ನನ್ನದು. ಸ್ವಂತ ಯಂತ್ರಗಳನ್ನು ಬಿಚ್ಚಿ ಬಿಚ್ಚಿ ಕಲಿತೆ. ಈಗ ಅಕ್ಕಪಕ್ಕದವರದ್ದೂ ನನ್ನ ಬೆಂಚಿಗೇ ಬರುತ್ತವೆ. ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಮುಂದೆ ಓದುವ ಮೊದಲು ಒಂದು ಮಾತು. ಯಂತ್ರಕ್ಕೆ ಕೈ ಹಾಕುವ ಮುನ್ನ, ಡಿಸ್ಕ್ ಬದಲಿಸುವುದಕ್ಕೇ ಆದರೂ, ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು ನಿಮ್ಮ ಕಣ್ಣೆದುರಿಗೆ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದ್ದೇನೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನೀವು ತಲೆ ಬಗ್ಗಿಸಿ ಕುಳಿತಾಗ ಹಿಂದಿನಿಂದ ಯಾರೋ ಬಂದು ಅದನ್ನು ಹಾಕುತ್ತಾರೆ.

ಯಂತ್ರ ಚೆನ್ನಾಗಿಯೇ ಓಡುತ್ತಿದೆ. ಸುಮ್ಮನೆ ಏಕೆ ಬಿಚ್ಚಬೇಕು?

ಏಕೆಂದರೆ ನಿಂತ ಮೇಲೆ ಬಿಚ್ಚಿದರೆ ಒಂದರ ಬದಲು ಮೂರು ಭಾಗ ಹಾಳಾಗಿರುತ್ತವೆ. ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ ಪೂರ್ತಿ ಸವೆದರೆ ಅದರ ಹಿಂದಿನ ಸ್ಪ್ರಿಂಗು ಕಾಮ್ಯುಟೇಟರಿಗೆ (ಕಾರ್ಬನ್ ಉಜ್ಜುವ, ತಾಮ್ರದ ಪಟ್ಟಿಗಳ ಉರುಳೆ) ತಾಗಿ ತಾಮ್ರವನ್ನು ಕೊರೆಯುತ್ತದೆ. ಹಿಂದಿನ ಬೇರಿಂಗ್ ಸಡಿಲವಾದರೆ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರ್ ವಾಲಿ, ಸುತ್ತ ಇರುವ ಫೀಲ್ಡ್ ಕಾಯಿಲಿಗೆ ಉಜ್ಜುತ್ತದೆ. ಗ್ರೀಸ್ ಒಣಗಿದರೆ ಗೇರಿನ ಹಲ್ಲು ಹೋಗುತ್ತದೆ, ಹಲ್ಲಿನ ಚೂರು ಪಕ್ಕದ ಬೇರಿಂಗಿಗೆ ಸೇರುತ್ತದೆ. ಒಂದು ಊಟದ ಖರ್ಚಿನಲ್ಲಿ ಮುಗಿಯಬೇಕಾದದ್ದು ಹೊಸ ಯಂತ್ರದ ಅರ್ಧ ಬೆಲೆಗೆ ಬಂದು ನಿಲ್ಲುತ್ತದೆ.

ದಿನವೂ ದುಡಿಯುವ ಯಂತ್ರಕ್ಕೆ ತಿಂಗಳಿಗೊಮ್ಮೆ ಕಾರ್ಬನ್ ನೋಡುತ್ತೇನೆ, ಆರು ತಿಂಗಳಿಗೊಮ್ಮೆ ಗ್ರೀಸ್ ಬದಲಿಸುತ್ತೇನೆ. ಮನೆಯಲ್ಲಿಟ್ಟು ಅಪರೂಪಕ್ಕೆ ಬಳಸುವವರು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಒಂದು ಸಂಜೆ ಕೊಟ್ಟರೆ ಸಾಕು.

ಒಳಗೆ ಏನೇನಿದೆ?

ಹೊರಗಿನಿಂದ ಕಾಣುವಷ್ಟು ಗೋಜಲು ಒಳಗಿಲ್ಲ. ವೈರಿನಿಂದ ಬಂದ ಕರೆಂಟು ಸ್ವಿಚ್ ದಾಟಿ, ಹೊರಕವಚಕ್ಕೆ ಅಂಟಿಕೊಂಡು ಅಲ್ಲಾಡದೆ ಕುಳಿತ ಫೀಲ್ಡ್ ಕಾಯಿಲಿನ ಮೂಲಕ ಹಾದು, ಎರಡು ಕಾರ್ಬನ್ ತುಂಡುಗಳಿಂದ ತಿರುಗುವ ಆರ್ಮೇಚರಿಗೆ ಇಳಿಯುತ್ತದೆ. ಆರ್ಮೇಚರಿನ ತುದಿಯಲ್ಲಿ ಸಣ್ಣ ಪಿನಿಯನ್, ಅದಕ್ಕೆ ಅಡ್ಡವಾಗಿ ದೊಡ್ಡ ಕ್ರೌನ್ ಗೇರ್, ಅದಕ್ಕೆ ಸ್ಪಿಂಡಲ್, ಸ್ಪಿಂಡಲಿಗೆ ಡಿಸ್ಕ್. ಕ್ರೌನಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿ ನೋಡಿ: ನಾಲ್ಕು ಇಂಚಿನ ಯಂತ್ರಗಳಲ್ಲಿ ಸುಮಾರು ಮೂರು ಬರುತ್ತದೆ. ಅಂದರೆ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಆರ್ಮೇಚರ್ 30,000ದ ಆಸುಪಾಸಿನಲ್ಲಿರುತ್ತದೆ. ಮುಂದೆ ಬೇರಿಂಗ್, ರೀವೈಂಡಿಂಗ್ ಬಗ್ಗೆ ನಾನು ಇಷ್ಟು ಜಿಗುಟಾಗಿ ಏಕೆ ಮಾತಾಡುತ್ತೇನೆ ಎಂಬುದಕ್ಕೆ ಈ ಸಂಖ್ಯೆಯೇ ಕಾರಣ.

ಕಾರ್ಬನ್ ಮುಗಿಯುತ್ತಾ ಬಂದಿದೆ ಎಂದು ತಿಳಿಯುವುದು ಹೇಗೆ?

ಯಂತ್ರ ಮೊದಲು ಎಡವತೊಡಗುತ್ತದೆ. ಸ್ವಿಚ್ ಹಾಕಿದರೆ ತಿರುಗುವುದಿಲ್ಲ, ಒಂದು ತಟ್ಟು ತಟ್ಟಿದರೆ ತಿರುಗುತ್ತದೆ. ಭಾರ ಬಿದ್ದರೆ ಬಿಕ್ಕುತ್ತದೆ. ಹಿಂದಿನ ಗಾಳಿಕಿಂಡಿಯಲ್ಲಿ ಕಿಡಿ ಜಾಸ್ತಿ ಕಾಣುತ್ತದೆ. ಕೆಲವು ಕಾರ್ಬನ್‌ಗಳಲ್ಲಿ ಒಳಗೆ ಸಣ್ಣ ಸ್ಪ್ರಿಂಗಿನ ಪಿನ್ ಇರುತ್ತದೆ. ಮಿತಿ ಮೀರಿ ಸವೆದ ಕೂಡಲೇ ಅದು ಹೊರಚಾಚಿ ಯಂತ್ರವನ್ನು ತಾನೇ ನಿಲ್ಲಿಸುತ್ತದೆ. ‘ಇದ್ದಕ್ಕಿದ್ದಂತೆ ಸತ್ತುಹೋಯಿತು’ ಎಂದು ತರುವ ಯಂತ್ರಗಳಲ್ಲಿ ಎಷ್ಟೋ ಸತ್ತಿರುವುದಿಲ್ಲ, ಈ ಪಿನ್ ಕೆಲಸ ಮಾಡಿರುತ್ತದೆ ಅಷ್ಟೇ.

ಉದ್ದ 5–6 ಮಿಲಿಮೀಟರಿಗೆ ಇಳಿದರೆ ಬದಲಿಸಿ. ಒಂದು ಉದ್ದವಿದ್ದು ಇನ್ನೊಂದು ಗಿಡ್ಡವಿದ್ದರೂ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಅಂಗಡಿಗೆ ಹೋಗುವಾಗ ಮಾಡೆಲ್ ಹೆಸರಿನ ಜೊತೆ ಹಳೆಯ ತುಂಡನ್ನೂ ಜೇಬಿಗೆ ಹಾಕಿಕೊಳ್ಳಿ. ಅಗಲ, ದಪ್ಪ, ಹಿಂದಿನ ಸ್ಪ್ರಿಂಗಿನ ಆಕಾರ ಈ ಮೂರೂ ತಾಳೆಯಾಗಬೇಕು. ಬೇಕಾದುದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪವಿದ್ದರೆ ಸಮತಟ್ಟಾದ ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜಿ ಹೊಂದಿಸಬಹುದು. ತೆಳ್ಳಗಿರುವುದನ್ನು ಮಾತ್ರ ಹಾಕಬೇಡಿ. ಅದು ಗೂಡಿನೊಳಗೆ ಅಲ್ಲಾಡಿ ಕಾಮ್ಯುಟೇಟರನ್ನು ತಿನ್ನುತ್ತದೆ. ಹೊಸದನ್ನು ಹಾಕಿದ ಮೇಲೆ ಐದಾರು ನಿಮಿಷ ಭಾರವಿಲ್ಲದೆ ಓಡಿಸಿ. ಕಾರ್ಬನ್ನಿನ ಮುಖ ಕಾಮ್ಯುಟೇಟರಿನ ಉರುಟಿಗೆ ಒಗ್ಗಿಕೊಳ್ಳಲು ಅಷ್ಟು ಹೊತ್ತು ಬೇಕು.

ಹೊಸ ಕಾರ್ಬನ್ ಹಾಕಿದರೂ ನಿಂತು ನಿಂತು ಓಡುತ್ತದೆ. ಏಕೆ?

ಕಲ್ಲಿನ ಕೆಲಸದವರೊಬ್ಬರು ಒಮ್ಮೆ ಹೀಗೆಯೇ ತಂದಿದ್ದರು. ಎರಡು ಸಲ ಕಾರ್ಬನ್ ಬದಲಿಸಿ ಆಗಿತ್ತು, ಮೂರನೆಯ ಜೊತೆ ಅವರ ಜೇಬಿನಲ್ಲಿತ್ತು. ಬಿಚ್ಚಿ ನೋಡಿದರೆ ಒಳಗಿನ ಕಾರ್ಬನ್ ಒಳ್ಳೆಯ ಹದಿಮೂರು ಮಿಲಿಮೀಟರ್ ಇದೆ, ಸ್ಪ್ರಿಂಗೂ ಗಟ್ಟಿಯಾಗಿದೆ. ತಂತಿ ಹಿಡಿದು ಮೆಲ್ಲಗೆ ಎಳೆದೆ, ಬರಲಿಲ್ಲ. ಇಕ್ಕಳ ಹಾಕಿ ಎಳೆದಾಗ ಸೀಸದಕಡ್ಡಿ ಮುರಿದ ಸದ್ದಿನಲ್ಲಿ ಹೊರಬಂತು. ಹಿತ್ತಾಳೆಯ ಗೂಡಿನ ಒಳಗೋಡೆಗೆ ಕಲ್ಲಿನ ಹುಡಿ ಮತ್ತು ಕಾರ್ಬನ್ ಪುಡಿ ನೀರಿನೊಂದಿಗೆ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ಸ್ಪ್ರಿಂಗ್ ತಳ್ಳುತ್ತಲೇ ಇತ್ತು, ಕಾರ್ಬನ್ ಮಾತ್ರ ಕಾಮ್ಯುಟೇಟರಿನಿಂದ ಉಗುರಿನಷ್ಟು ದೂರದಲ್ಲಿ ಸಿಕ್ಕಿಕೊಂಡಿತ್ತು.

ಆದ್ದರಿಂದ ಕಾರ್ಬನ್ ಬದಲಿಸುವಾಗಲೆಲ್ಲ ಗೂಡನ್ನೂ ಒರೆಸಿ. ಬೀಡಿಕಡ್ಡಿಯಷ್ಟು ತೆಳುವಾದ ಮರದ ಚಕ್ಕೆಗೆ ಬಟ್ಟೆ ಸುತ್ತಿ ಆಡಿಸಿದರೆ ಸಾಕು. ಹೊಸ ಕಾರ್ಬನ್ ತನ್ನ ಭಾರಕ್ಕೆ ತಾನೇ ಗೂಡಿನೊಳಗೆ ಜಾರಬೇಕು. ಜಾರದಿದ್ದರೆ ಒತ್ತಿ ಕೂರಿಸಬೇಡಿ.

ಕಿಡಿ ಎಷ್ಟಿದ್ದರೆ ಸರಿ?

ಕಾರ್ಬನ್ನಿನ ಅಂಚಿನಲ್ಲಿ ಸಣ್ಣ ನೀಲಿ ಕಿಡಿ ಇದ್ದೇ ಇರುತ್ತದೆ, ಅದು ಈ ಮೋಟಾರಿನ ಜಾತಕ. ಹಳದಿ ಕಿಡಿ ಉದ್ದಕ್ಕೆ ಚಿಮ್ಮಿದರೆ ಕಾರ್ಬನ್ ಅಥವಾ ಕಾಮ್ಯುಟೇಟರ್ ನೋಡುವ ಕಾಲ ಬಂತು. ಕಿಡಿ ಬೆಂಕಿಯ ಬಳೆಯಂತೆ ಕಾಮ್ಯುಟೇಟರಿನ ಸುತ್ತಲೂ ತಿರುಗಿದರೆ ಆರ್ಮೇಚರಿನ ಸುರುಳಿಯೊಂದು ಶಾರ್ಟ್ ಆಗಿರುವ ಅಥವಾ ತುಂಡಾಗಿರುವ ಸಂಭವ ಹೆಚ್ಚು. ಆಗ ‘ಇದೊಂದು ಪೈಪು ಕೊಯ್ದು ನೋಡೋಣ’ ಎನ್ನದೆ ಅಲ್ಲಿಗೇ ನಿಲ್ಲಿಸಿ. ಸುಟ್ಟ ವಾರ್ನಿಷ್ ವಾಸನೆ ಒಮ್ಮೆ ಮೂಗಿಗೆ ಬಡಿದವರು ಅದನ್ನು ಮರೆಯುವುದಿಲ್ಲ.

ಕಾಮ್ಯುಟೇಟರ್ ಕಪ್ಪಾಗಿದೆ. ಉಜ್ಜಬಹುದೇ?

ತಿಳಿ ಕಂದು ಬಣ್ಣ ಆರೋಗ್ಯದ ಲಕ್ಷಣ, ಅದನ್ನು ಹೊಳೆಯುವಂತೆ ಮಾಡುವ ಹಟ ಬೇಡ. ಸುಟ್ಟ ಕಪ್ಪು ಕಲೆ, ಗೀರು ಇದ್ದರೆ ಮಾತ್ರ ಉಜ್ಜಿ. 400 ನಂಬರಿನ ಉಪ್ಪುಕಾಗದದ ಪಟ್ಟಿಯನ್ನು ಕಾಮ್ಯುಟೇಟರಿಗೆ ಸುತ್ತಿ, ಆರ್ಮೇಚರನ್ನು ಕೈಯಲ್ಲಿ ತಿರುಗಿಸುತ್ತಾ ಎಲ್ಲ ಕಡೆಯೂ ಒಂದೇ ಸಮನೆ ತೇಯಬೇಕು. ಎಮೆರಿ ಕಾಗದ ಬೇಡ. ಅದರ ಹರಳು ತಾಮ್ರಕ್ಕೆ ಕಚ್ಚಿಕೊಂಡು ಕಾರ್ಬನ್ನನ್ನು ಸವೆಸುತ್ತದೆ.

ಆಮೇಲೆ ತಾಮ್ರದ ಪಟ್ಟಿಗಳ ನಡುವಿನ ಗೆರೆ ನೋಡಿ. ಅಲ್ಲಿ ಕರೆಂಟು ತಡೆಯಲು ಇರುವ ಮೈಕಾ ತಾಮ್ರಕ್ಕಿಂತ ಅರ್ಧ ಮಿಲಿಮೀಟರಿನಷ್ಟು ತಗ್ಗಿರಬೇಕು. ಮುರಿದ ಹ್ಯಾಕ್ಸಾ ಬ್ಲೇಡಿನ ಪಕ್ಕವನ್ನು ತೆಳ್ಳಗೆ ಮಾಡಿಕೊಂಡು ಒಂದೊಂದೇ ಗೆರೆಯನ್ನು ಕೆರೆದು, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಾಮ್ರದ ಹುಡಿ ತೆಗೆಯಿರಿ. ಬೇಸರದ ಕೆಲಸ. ರೇಡಿಯೊ ಹಾಕಿಕೊಂಡು ಕುಳಿತರೆ ಆಗುತ್ತದೆ. ಪಟ್ಟಿಗಳಲ್ಲಿ ಬೆರಳಿಗೆ ಸಿಗುವಷ್ಟು ಹಳ್ಳ ಬಿದ್ದಿದ್ದರೆ ಉಪ್ಪುಕಾಗದದಿಂದ ಆಗುವುದಿಲ್ಲ, ಲೇತಿಗೆ ಕೊಡಿ.

ಬಿಚ್ಚುವ ಕ್ರಮ ಯಾವುದು?

ಮೊದಲು ಕಾರ್ಬನ್‌ಗಳನ್ನು ಹೊರತೆಗೆಯಿರಿ. ಇದನ್ನು ಮರೆತು ಆರ್ಮೇಚರನ್ನು ಎಳೆದರೆ ಕಾರ್ಬನ್ ಮುರಿಯುತ್ತದೆ, ಮರಳಿ ಕೂರಿಸುವಾಗ ಇನ್ನೂ ಮುರಿಯುತ್ತದೆ. ಆಮೇಲೆ ಗೇರ್ ತಲೆಯ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ, ಮರದ ಕೊಡತಿಯಿಂದ ಎರಡೂ ಬದಿಗೆ ಮೆಲ್ಲಗೆ ತಟ್ಟಿದರೆ ತಲೆ ಮತ್ತು ಆರ್ಮೇಚರ್ ಒಟ್ಟಿಗೇ ಈಚೆ ಬರುತ್ತವೆ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಯೂಮಿನಿಯಂ ತಲೆಗೆ ಗಾಯವಾದರೆ ಗ್ರೀಸ್ ಸೋರುತ್ತದೆ. ಫ್ಯಾನಿನ ಹತ್ತಿರದ ಪ್ಲಾಸ್ಟಿಕ್ ಬಳೆ ಯಾವ ಮುಖವಾಗಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಅದನ್ನು ತಿರುಗಾಮುರುಗಾ ಹಾಕಿದರೆ ಗಾಳಿ ಸರಿಯಾಗಿ ಹರಿಯದೆ ಯಂತ್ರ ಬೇಗ ಕಾಯುತ್ತದೆ.

ಹಾಳೆಯೊಂದರ ಮೇಲೆ ಯಂತ್ರದ ಚಿತ್ರ ಬರೆದು, ತೆಗೆದ ಸ್ಕ್ರೂಗಳನ್ನು ಆಯಾ ಜಾಗಕ್ಕೇ ಚುಚ್ಚಿಡುವುದು ನನ್ನ ಅಭ್ಯಾಸ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋಗಿ ಒಳಗಿನ ಕಾಯಿಲಿಗೆ ಚುಚ್ಚಿದ್ದನ್ನು ನೋಡಿದ್ದೇನೆ. ಅದು ನಾನೇ ಹಾಕಿದ ಸ್ಕ್ರೂ, ಬೇರೆಯವರನ್ನು ದೂರುವಂತಿಲ್ಲ.

ಇದೇ ನಾಲ್ಕು ಸ್ಕ್ರೂ ಬಿಚ್ಚಿ ತಲೆಯನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದರೆ ಸ್ವಿಚ್ ಎಡಗೈಯವರಿಗೆ ಅನುಕೂಲವಾದ ಕಡೆಗೆ ಬರುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಈ ಸೌಲಭ್ಯವಿದೆ, ಬಳಸುವವರು ಕಡಿಮೆ.

ಗ್ರೀಸ್ ಯಾವುದು, ಎಷ್ಟು?

ಹೊಸ ಗ್ರೀಸ್ ತುಂಬುವ ಮೊದಲು ಹಳೆಯದನ್ನು ಪೂರ್ತಿ ತೆಗೆಯಬೇಕು. ಕಪ್ಪಾಗಿ ಮೇಣದಂತೆ ಗೋಡೆಗೆ ಅಂಟಿರುವುದನ್ನು ಮರದ ಚಕ್ಕೆಯಿಂದ ಬಳಿದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಹಳೆಯ ಗ್ರೀಸನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ. ಬಿಸಿಲಿಗೆ ಹಿಡಿದಾಗ ಅದರಲ್ಲಿ ಮಿರಿಮಿರಿ ಮಿನುಗುವ ಚೂರು ಕಂಡರೆ ಅದು ಗೇರಿನ ಹಲ್ಲು.

ಕಂಪನಿಯ ಗೇರ್ ಗ್ರೀಸ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಗಟ್ಟಿತನದಲ್ಲಿ 2ನೇ ನಂಬರಿನ (ಎನ್‌ಎಲ್‌ಜಿಐ 2) ಒಳ್ಳೆಯ ಲಿಥಿಯಂ ಗ್ರೀಸ್ ನಡೆಯುತ್ತದೆ. ಎಲ್ಲರೂ ತಪ್ಪುವುದು ಪ್ರಮಾಣದಲ್ಲಿ. ಹಬ್ಬದ ದಿನ ತುಪ್ಪ ಬಡಿಸಿದಂತೆ ಗೇರಿನ ಗೂಡು ತುಂಬಾ ತುಂಬಿದರೆ ಗ್ರೀಸಿಗೆ ಹಿಗ್ಗಲು ಜಾಗವಿಲ್ಲದೆ, ಬಿಸಿಯಾಗಿ ತೆಳುವಾಗಿ, ಮೋಟಾರಿನ ಕಡೆಗೆ ನುಗ್ಗುತ್ತದೆ. ಕಾಮ್ಯುಟೇಟರಿಗೆ ತಾಗಿದರೆ ಕಿಡಿ, ಹೊಗೆ ಎಲ್ಲ ಶುರು. ಹಲ್ಲುಗಳಿಗೆ ಚೆನ್ನಾಗಿ ಬಳಿದು, ಗೂಡಿನ ಮೂರನೆಯ ಒಂದು ಭಾಗ ತುಂಬಿದರೆ ಸಾಕು.

ಸದ್ದು ಬರುತ್ತಿದೆ. ಬೇರಿಂಗೋ ಗೇರೋ?

ಪ್ಲಗ್ ಕಿತ್ತು, ಕಾರ್ಬನ್ ತೆಗೆದು, ಸ್ಪಿಂಡಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಮರಳು ಅರೆದಂತೆ ಗರಗರ ಎಂದರೆ ಬೇರಿಂಗ್. ಸುತ್ತಿನಲ್ಲಿ ಒಂದೇ ಜಾಗಕ್ಕೆ ಬಂದಾಗ ಕಟಕ್ಕೆಂದು ಸಿಕ್ಕಿಕೊಂಡರೆ ಗೇರಿನ ಹಲ್ಲು. ಸ್ಪಿಂಡಲನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಸಿಕ್ಕರೆ ಅಲ್ಲಿನ ಬೇರಿಂಗ್ ಹೋಗಿದೆ. ಓಡುವಾಗ ಕಿವಿ ಸೀಳುವಂತೆ ಕಿರ್ರೆನ್ನುವ ಸದ್ದು ಹಿಂದಿನಿಂದ ಬಂದರೆ ಕಾಮ್ಯುಟೇಟರ್ ಪಕ್ಕದ ಸಣ್ಣ ಬೇರಿಂಗ್. ಧೂಳನ್ನು ಹೆಚ್ಚು ತಿನ್ನುವುದು ಅದೇ.

ಗೇರ್ ಹೋಗಿದ್ದರೆ ಪಿನಿಯನ್, ಕ್ರೌನ್ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಹಳೆಯ ಪಿನಿಯನ್ನಿಗೆ ಹೊಸ ಕ್ರೌನ್ ಹಾಕುವುದೆಂದರೆ ಜಗಳಗಂಟರಿಬ್ಬರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿದಂತೆ.

ಬೇರಿಂಗ್ ಕೊಳ್ಳುವಾಗ ಏನು ಹೇಳಿ ಕೇಳಬೇಕು?

ನಂಬರು ಬೇರಿಂಗಿನ ಅಂಚಿನ ಮೇಲೆಯೇ ಕೊರೆದಿರುತ್ತದೆ. ಸಣ್ಣ ಯಂತ್ರಗಳಲ್ಲಿ ನನಗೆ ಹೆಚ್ಚು ಸಿಗುವುದು ಹಿಂದೆ 607 (ಒಳರಂಧ್ರ 7, ಹೊರವ್ಯಾಸ 19, ಅಗಲ 6 ಮಿಲಿಮೀಟರ್) ಅಥವಾ 608 (8, 22, 7). ಮುಂದೆ 629 (9, 26, 8). ಸ್ಪಿಂಡಲಿನಲ್ಲಿ 6200 ಅಥವಾ 6201. ನಂಬರು ಅಳಿಸಿಹೋಗಿದ್ದರೆ ವರ್ನಿಯರಿನಿಂದ ಮೂರು ಅಳತೆ ತೆಗೆದುಕೊಂಡು ಹೋಗಿ, ಅಂಗಡಿಯವರು ಕಣ್ಣುಮುಚ್ಚಿ ನಂಬರು ಹೇಳುತ್ತಾರೆ.

ನಂಬರಿನ ನಂತರದ ಅಕ್ಷರವೂ ಮುಖ್ಯ. ‘ಝಡ್‌ಝಡ್’ ಎಂದರೆ ಎರಡೂ ಬದಿಗೆ ತಗಡಿನ ಮುಚ್ಚಳ, ‘2ಆರ್‌ಎಸ್’ ಎಂದರೆ ರಬ್ಬರಿನ ಮುಚ್ಚಳ. ಧೂಳಿನಲ್ಲಿ ದುಡಿಯುವ ಯಂತ್ರಕ್ಕೆ ಹಳೆಯದರಲ್ಲಿ ರಬ್ಬರ್ ಇದ್ದರೆ ರಬ್ಬರಿನದ್ದನ್ನೇ ಹಾಕಿ, ತಗಡಿಗೆ ಇಳಿಯಬೇಡಿ. ಪೆಟ್ಟಿಗೆಯ ಮೇಲೆ ದೊಡ್ಡ ಹೆಸರಿದ್ದು ಬೆಲೆ ಕಾಲು ಭಾಗವಿದ್ದರೆ ಅದು ನಕಲಿ. 30,000 ಸುತ್ತಿಗೆ ಅದರ ಆಯಸ್ಸು ವಾರಗಳಲ್ಲಿ.

ತೆಗೆಯುವಾಗ ಪುಲ್ಲರ್ ಬಳಸಿ. ಹಾಕುವಾಗ ಒಳಬಳೆಗೆ ಮಾತ್ರ ತಾಗುವ ಪೈಪಿನ ತುಂಡು ಅಥವಾ ಬಾಕ್ಸ್ ಸ್ಪಾನರ್ ಇಟ್ಟು ನೇರವಾಗಿ ಒತ್ತಬೇಕು. ಹೊರಬಳೆಗೆ ಸುತ್ತಿಗೆ ಪೆಟ್ಟು ಕೊಟ್ಟರೆ ಆ ಪೆಟ್ಟೆಲ್ಲ ಗುಂಡುಗಳ ಮೂಲಕವೇ ಹೋಗುತ್ತದೆ. ಹೊಸ ಬೇರಿಂಗ್ ಹಾಕಿದ ದಿನವೇ ಹಳತಾಗುತ್ತದೆ. ಹಿಂದಿನ ಬೇರಿಂಗ್ ಕೂರುವ ರಬ್ಬರ್ ಟೊಪ್ಪಿಗೆ ಹರಿದಿದೆಯೇ ನೋಡಿ. ಅದು ಹೋದರೆ ಬೇರಿಂಗ್ ಪೂರ್ತಿಯಾಗಿ ಗೂಡಿನಲ್ಲೇ ಸುತ್ತತೊಡಗಿ ಪ್ಲಾಸ್ಟಿಕ್ ಕರಗುತ್ತದೆ. ಆಮೇಲೆ ಹೊರಕವಚವೇ ಹೊಸದಾಗಬೇಕು.

ಮಲ್ಟಿಮೀಟರ್ ಇದೆ. ಏನೇನು ಪರೀಕ್ಷಿಸಲಿ?

ಆರ್ಮೇಚರಿನ ಅಕ್ಕಪಕ್ಕದ ಪಟ್ಟಿಗಳ ನಡುವೆ ಓಮ್ ಅಳೆಯುತ್ತಾ ಒಂದು ಸುತ್ತು ಬನ್ನಿ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಕಡೆ ಏಕಾಏಕಿ ಜಾಸ್ತಿಯಾದರೆ ತಂತಿ ತುಂಡಾಗಿದೆ. ತೀರಾ ಕಡಿಮೆಯಾದರೆ ಶಾರ್ಟ್ ಆಗಿರಬಹುದು, ಆದರೆ ಅಗ್ಗದ ಮೀಟರಿಗೆ ಇಷ್ಟು ಸೂಕ್ಷ್ಮ ತಿಳಿಯುವುದಿಲ್ಲ. ಅದಕ್ಕೆ ವೈಂಡಿಂಗ್ ಅಂಗಡಿಯ ಗ್ರೌಲರ್ ಬೇಕು: ಅದರ ಮೇಲೆ ಆರ್ಮೇಚರ್ ಇಟ್ಟು ಹ್ಯಾಕ್ಸಾ ಬ್ಲೇಡ್ ಹಿಡಿದರೆ, ಶಾರ್ಟ್ ಆದ ಜಾಗದಲ್ಲಿ ಬ್ಲೇಡು ಜೀರುಂಡೆಯಂತೆ ಗುಂಯ್‌ಗುಡುತ್ತದೆ. ಪಟ್ಟಿಗೂ ಶಾಫ್ಟಿಗೂ ನಡುವೆ ಸಂಪರ್ಕ ಇರಲೇಬಾರದು. ಫೀಲ್ಡಿನ ಎರಡು ಸುರುಳಿಗಳು ಕೆಲವೇ ಓಮ್ ತೋರಿಸುತ್ತವೆ. ಎಷ್ಟು ಎಂಬುದಕ್ಕಿಂತ ಎರಡೂ ಸಮ ಇವೆಯೇ ಎಂಬುದು ಮುಖ್ಯ.

ಆರ್ಮೇಚರ್ ಸುಟ್ಟಿದೆ. ರೀವೈಂಡಿಂಗ್ ಮಾಡಿಸಲೋ, ಹೊಸದು ಹಾಕಲೋ?

ನಾಲ್ಕು ಇಂಚಿನ ಯಂತ್ರವಾದರೆ ಹೊಸ ಆರ್ಮೇಚರ್ ಹಾಕಿ. ಸಣ್ಣ ಆರ್ಮೇಚರನ್ನು ಕೈಯಲ್ಲಿ ಸುತ್ತಿ, ವಾರ್ನಿಷ್ ಕುಡಿಸಿ, ಒಲೆಯಲ್ಲಿ ಒಣಗಿಸಿ, ತೂಕ ಸರಿದೂಗಿಸುವ ತಾಳ್ಮೆ ಇರುವವರು ಕಡಿಮೆ. ಇವುಗಳಲ್ಲಿ ಒಂದು ತಪ್ಪಿದರೂ ಆ ವೇಗಕ್ಕೆ ತಂತಿ ಎದ್ದು ಬರುತ್ತದೆ, ಇಲ್ಲವೇ ನಡುಕಕ್ಕೆ ಬೇರಿಂಗ್ ಹೋಗುತ್ತದೆ. ಏಳು, ಒಂಬತ್ತು ಇಂಚಿನ ದೊಡ್ಡ ಯಂತ್ರದಲ್ಲಿ ಲೆಕ್ಕ ಬೇರೆ. ಅಲ್ಲಿ ಹೊಸ ಆರ್ಮೇಚರ್ ದುಬಾರಿ, ಒಳ್ಳೆಯ ವೈಂಡಿಂಗಿನವರು ಗೊತ್ತಿದ್ದರೆ ಸುತ್ತಿಸಬಹುದು. ಏನೇ ಮಾಡಿದರೂ ಸುಟ್ಟಿದ್ದು ಏಕೆ ಎಂದು ಹುಡುಕದೆ ಹೊಸದನ್ನು ಕೂರಿಸಬೇಡಿ. ಸಡಿಲ ಬೇರಿಂಗೋ, ಮುಚ್ಚಿದ ಗಾಳಿಕಿಂಡಿಯೋ, ಮೈಭಾರವೆಲ್ಲ ಹಾಕಿ ಒತ್ತುವ ಕೈಯೋ? ಕೈಯಾದರೆ ಬಿಡಿಭಾಗ ಸಿಗುವುದಿಲ್ಲ. ಕೊಯ್ಯುವುದು ಯಂತ್ರದ ವೇಗ, ನಮ್ಮ ತೂಕವಲ್ಲ. ಒತ್ತಿ ಒತ್ತಿ ಸದ್ದು ಕುಗ್ಗಿತೆಂದರೆ ಅಷ್ಟು ಹೊತ್ತೂ ಸುರುಳಿ ಕಾಯುತ್ತಿದೆ ಎಂದರ್ಥ.

ವೈರಿನಲ್ಲಿ ಎರಡೇ ತಂತಿ ಇವೆ. ಅರ್ಥಿಂಗ್ ಬೇಡವೇ?

ಯಂತ್ರದ ಹೆಸರುಪಟ್ಟಿಯಲ್ಲಿ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಇಮ್ಮಡಿ ನಿರೋಧಕದ ಯಂತ್ರ. ಅರ್ಥಿಂಗ್ ಇಲ್ಲದಿರುವುದೇ ಅದರ ವಿನ್ಯಾಸ. ಆದರೆ ಆ ರಕ್ಷಣೆ ಉಳಿಯುವುದು ಒಳಗಿನ ತೋಳುಗಳು, ಪ್ಲಾಸ್ಟಿಕ್ ತುಂಡುಗಳು ಎಲ್ಲವೂ ತಮ್ಮ ಜಾಗಕ್ಕೆ ಮರಳಿದಾಗ ಮಾತ್ರ. ‘ಒಂದು ಪ್ಲಾಸ್ಟಿಕ್ ಮಿಕ್ಕಿತು, ಏನಾಗುವುದಿಲ್ಲ’ ಎನ್ನುವ ಮಾತು ಇಲ್ಲಿ ಸಲ್ಲದು. ಕಬ್ಬಿಣದ ಹುಡಿ ಒಳಗೆ ಪದರಗಟ್ಟಿದರೂ ಕರೆಂಟಿಗೆ ದಾರಿಯಾಗುತ್ತದೆ. ಅಂಗಡಿಯ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಹಾಕಿಸಿಕೊಳ್ಳಿ.

ವೈರು ತುಂಡಾಗುವುದು ಹಿಡಿಕೆಯ ಹಿಂದೆ, ರಬ್ಬರ್ ತೋಳು ಮುಗಿಯುವ ಜಾಗದಲ್ಲಿ. ಹೊರಗೆ ಏನೂ ಕಾಣುವುದಿಲ್ಲ, ಬಗ್ಗಿಸಿದಾಗ ಯಂತ್ರ ಬಿಕ್ಕುತ್ತದೆ. ಆ ಒಂದು ಗೇಣು ಕತ್ತರಿಸಿ ಒಳಗೇ ಹೊಸದಾಗಿ ಜೋಡಿಸಿ. ಟೇಪು ಸುತ್ತಿದ ವೈರಿನ ಗ್ರೈಂಡರನ್ನು ನಾನು ಕೈಯಲ್ಲಿ ಹಿಡಿಯುವುದಿಲ್ಲ.

ಸ್ವಿಚ್ ಆಫ್ ಮಾಡಿದರೂ ನಿಲ್ಲುವುದಿಲ್ಲ.

ಕೂಡಲೇ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಜಾರುವ ಸ್ವಿಚ್ಚಿನ ಕಡ್ಡಿಯಲ್ಲಿ ಧೂಳು ಗಟ್ಟಿಯಾಗಿರಬಹುದು, ಅದು ಬಿಚ್ಚಿ ಊದಿದರೆ ಹೋಗುತ್ತದೆ. ಒಳಗಿನ ಸಂಪರ್ಕಗಳು ಬೆಸೆದುಕೊಂಡಿದ್ದರೆ ಸ್ವಿಚ್ ಬದಲಿಸಿ; ಅರ ಹಾಕಿ ತಿಕ್ಕಿ ಮತ್ತೆ ಬಳಸುವ ವಸ್ತು ಅಲ್ಲ ಅದು.

ಮಳೆಗಾಲದಲ್ಲಿ ಏನು ಎಚ್ಚರ?

ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಯಂತ್ರ ಬೆವರದೇ ಇದ್ದೀತೇ? ವಾರಗಟ್ಟಲೆ ಮೂಲೆಯಲ್ಲಿದ್ದ ಯಂತ್ರವನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ಹಳೆಯ ಕಾಲದ 60 ವ್ಯಾಟಿನ ಬಲ್ಬ್ ಉರಿಯುವ ಮರದ ಪೆಟ್ಟಿಗೆಯೊಂದು ನನ್ನ ಬೆಂಚಿನ ಕೆಳಗಿದೆ. ರಾತ್ರಿ ಯಂತ್ರಗಳನ್ನು ಅದರೊಳಗೆ, ಬಲ್ಬಿನಿಂದ ಒಂದು ಮೊಳ ದೂರದಲ್ಲಿ ಇಡುತ್ತೇನೆ. ಡಿಸ್ಕುಗಳನ್ನೂ ಒಣ ಡಬ್ಬಿಯಲ್ಲಿಡಿ. ನೀರು ಕುಡಿದ ಡಿಸ್ಕಿನ ಅಂಟು ಸಡಿಲವಾಗುತ್ತದೆ.

ಧೂಳು ತಡೆಯಲು ಗಾಳಿಕಿಂಡಿಗೆ ಕಾಲುಚೀಲ ಕಟ್ಟುತ್ತಾರಲ್ಲ, ಸರಿಯೇ?

ತೆಳುವಾದ ನೈಲಾನ್ ಆಗಿದ್ದು, ಗಂಟೆಗೊಮ್ಮೆ ಕೊಡವಿದರೆ ಸರಿ. ಕೊಡವದೆ ಬಿಟ್ಟರೆ ಉಸಿರು ಕಟ್ಟಿ ಮೋಟಾರ್ ಕಾಯುತ್ತದೆ. ಗ್ರಾನೈಟ್, ಟೈಲ್ಸ್ ಕೊಯ್ಯುವವರಿಗೆ ಇದು ಉಪಯೋಗ. ಕಬ್ಬಿಣದ ಕೆಲಸದವರಿಗೆ ನನ್ನ ಸಲಹೆ ಬೇರೆ: ಸಂಜೆ ಯಂತ್ರವನ್ನು ಖಾಲಿ ಓಡಿಸುತ್ತಾ ಹಿಂದಿನ ಕಿಂಡಿಯಿಂದ ಒಣ ಗಾಳಿಯನ್ನು ಮೆಲ್ಲಗೆ ಹಾಯಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಪೂರ್ತಿ ಒತ್ತಡ ಬಿಟ್ಟರೆ ಧೂಳು ಹೊರಬರುವ ಬದಲು ಬೇರಿಂಗಿನೊಳಗೆ ಸೇರುತ್ತದೆ. ಕಲ್ಲಿನ ಧೂಳು ಯಂತ್ರಕ್ಕಿಂತ ಮೊದಲು ನಿಮ್ಮ ಎದೆಗೆ ಇಳಿಯುತ್ತದೆ. ಅದರ ಸಿಲಿಕಾದಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಟವೆಲ್ ಕಟ್ಟಿಕೊಂಡರೆ ಸಾಲದು, ಧೂಳಿಗೆಂದೇ ಮಾಡಿದ ಎನ್95 ಮಾಸ್ಕ್ ಬೇಕು.

ತೋಟದಲ್ಲಿ ಓಡಿಸಿದರೆ ಶಕ್ತಿಯೇ ಇರುವುದಿಲ್ಲ.

ಐವತ್ತು ಮೀಟರ್ ತೆಳ್ಳನೆಯ ವೈರಿನ ಕೊನೆಯಲ್ಲಿ 230 ವೋಲ್ಟ್ ಉಳಿದಿರುವುದಿಲ್ಲ. 850 ವ್ಯಾಟಿನ ಯಂತ್ರ ಸುಮಾರು 3.7 ಆಂಪಿಯರ್ ಎಳೆಯುತ್ತದೆ, 2,200 ವ್ಯಾಟಿನದು ಒಂಬತ್ತೂವರೆ. ಸಣ್ಣದಕ್ಕೆ 1.5 ಚದರ ಮಿಲಿಮೀಟರಿನ ವೈರು, ದೊಡ್ಡದಕ್ಕೆ 2.5 ಮತ್ತು 16 ಆಂಪಿಯರಿನ ಸಾಕೆಟ್ ಬಳಸಿ. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಡಿಸಿಯೇ ಓಡಿಸಿ. ಸುತ್ತಿಟ್ಟರೆ ಅದೇ ಕಾಯುತ್ತದೆ.

ಡಿಸ್ಕಿನ ನಟ್ ಕಚ್ಚಿಕೊಂಡಿದೆ. ಉಳಿ ಇಟ್ಟು ಹೊಡೆಯಲೇ?

ಬೇಡ. ಕೆಲಸ ಮಾಡುವಾಗ ಡಿಸ್ಕ್ ತಾನೇ ನಟ್ಟನ್ನು ಬಿಗಿಯುತ್ತಾ ಹೋಗುತ್ತದೆ, ಸಿಕ್ಕಿಕೊಂಡು ನಿಂತಾಗಲಂತೂ ಇನ್ನಷ್ಟು. ಸ್ಪಿಂಡಲ್ ಲಾಕಿನ ಗುಂಡಿಯ ಮೇಲೆ ಎಲ್ಲ ಬಲ ಹಾಕಿದರೆ ಒಳಗಿನ ಪಿನ್ ಅಥವಾ ಗೇರ್ ತಲೆ ಒಡೆಯುತ್ತದೆ. ಕಟಿಂಗ್ ಡಿಸ್ಕ್ ಆಗಿದ್ದರೆ ಇಕ್ಕಳದಿಂದ ಅದನ್ನು ಚೂರು ಚೂರಾಗಿ ಮುರಿಯುತ್ತಾ ನಟ್ಟಿನ ಅಡಿಯವರೆಗೆ ಹೋಗಿ. ಅಡಿಯ ಬಿಗಿ ತಪ್ಪಿದ ಕೂಡಲೇ ನಟ್ಟು ಕೈಯಲ್ಲೇ ಬರುತ್ತದೆ. ಡಿಸ್ಕ್ ಒಂದು ಹೋಯಿತು ನಿಜ, ಯಂತ್ರ ಉಳಿಯಿತಲ್ಲ. ಯಂತ್ರ ಪೂರ್ತಿ ನಿಲ್ಲುವ ಮೊದಲೇ ಲಾಕ್ ಗುಂಡಿ ಒತ್ತುವ ಚಾಳಿ ಇದ್ದರೆ ಇವತ್ತೇ ಬಿಡಿ.

ಅದೇ ನಟ್ಟಿಗೆ ಎರಡು ಮುಖಗಳಿವೆ. ದಪ್ಪ ಗ್ರೈಂಡಿಂಗ್ ಡಿಸ್ಕಿಗೆ ಉಬ್ಬಿದ ಮುಖ ಡಿಸ್ಕಿನ ಕಡೆಗೆ, ತೆಳು ಕಟಿಂಗ್ ಡಿಸ್ಕಿಗೆ ಚಪ್ಪಟೆ ಮುಖ ಡಿಸ್ಕಿನ ಕಡೆಗೆ.

ಗಾರ್ಡ್ ತೆಗೆದು ದೊಡ್ಡ ಡಿಸ್ಕ್ ಹಾಕಬಹುದೇ? ಮರದ ಬ್ಲೇಡ್?

ಲೆಕ್ಕ ಹಾಕೋಣ. 100 ಮಿಲಿಮೀಟರಿನ ಡಿಸ್ಕ್ ನಿಮಿಷಕ್ಕೆ 11,000 ಸುತ್ತಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ, ಗಂಟೆಗೆ 200 ಕಿಲೋಮೀಟರಿಗೂ ಮೇಲೆ. ಸಾಮಾನ್ಯವಾಗಿ ಈ ಡಿಸ್ಕುಗಳನ್ನು ಸೆಕೆಂಡಿಗೆ 80 ಮೀಟರಿನ ಮಿತಿಗೆ ಮಾಡಿರುತ್ತಾರೆ. ಅದೇ ಯಂತ್ರಕ್ಕೆ ಏಳು ಇಂಚಿನ ಡಿಸ್ಕ್ ಸಿಕ್ಕಿಸಿದರೆ ಅಂಚಿನ ವೇಗ 100 ಮೀಟರ್ ದಾಟುತ್ತದೆ. ಅದು ಒಡೆಯುವುದು ನಿಮ್ಮ ಮುಖದ ಮಟ್ಟದಲ್ಲಿ. ರಂಧ್ರವೂ ಬೇರೆ: ನಾಲ್ಕು ಇಂಚಿನದಕ್ಕೆ 16, ಐದು ಇಂಚಿನಿಂದ ಮೇಲಕ್ಕೆ 22.23 ಮಿಲಿಮೀಟರ್. ಆ ವ್ಯತ್ಯಾಸ ಇರುವುದೇ ತಪ್ಪು ಡಿಸ್ಕ್ ಕೂರದಿರಲಿ ಎಂದು. ವಾಷರ್ ಹಾಕಿ ಹೊಂದಿಸುವವರ ಜಾಣತನಕ್ಕೆ ನನ್ನ ಬೆಂಚಿನಲ್ಲಿ ಜಾಗವಿಲ್ಲ.

ಹಲ್ಲಿನ ಮರದ ಬ್ಲೇಡು ಗಂಟಿಗೆ ಕಚ್ಚಿದ ಕ್ಷಣ ಯಂತ್ರ ಕೈಯಿಂದ ಎಗರುತ್ತದೆ. ಬದಿಯ ಹಿಡಿಕೆಯನ್ನೂ ಕಳಚಿಟ್ಟಿದ್ದರೆ ಅದು ಹೋಗುವುದು ತೊಡೆಗೋ ಹೊಟ್ಟೆಗೋ. ಗಾರ್ಡ್ ಇಲ್ಲದೆ ರಿಪೇರಿಗೆ ಬಂದ ಯಂತ್ರಕ್ಕೆ ಗಾರ್ಡ್ ತಂದುಕೊಡುವವರೆಗೆ ನಾನು ಮರಳಿ ಕೊಡುವುದಿಲ್ಲ. ಇದರಿಂದ ಎರಡು ಮೂರು ಗಿರಾಕಿಗಳು ಹೋಗಿದ್ದಾರೆ, ಹೋಗಲಿ.

ಹಳೆಯ ಡಿಸ್ಕುಗಳು ರಾಶಿ ಇವೆ. ಬಳಸಬಹುದೇ?

ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ರಾಳದ ಅಂಟಿನ ಡಿಸ್ಕುಗಳಿಗೆ ಸಾಮಾನ್ಯವಾಗಿ ತಯಾರಾದ ದಿನದಿಂದ ಮೂರು ವರ್ಷ. ದಾಟಿದ್ದರೆ ಮುರಿದು ಎಸೆಯಿರಿ. ಇಡೀ ಡಿಸ್ಕ್ ಎಸೆದರೆ ಯಾರೋ ಎತ್ತಿಕೊಂಡು ಹಾಕುತ್ತಾರೆ. ಹೊಸ ಡಿಸ್ಕನ್ನೂ ಮೊದಲು ಒಂದು ನಿಮಿಷ, ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಖಾಲಿ ಓಡಿಸಿ.

ಎಲ್ಲ ಬದಲಿಸಿದ ಮೇಲೂ ಕೈ ನಡುಗುವಷ್ಟು ಅದುರುತ್ತದೆ.

ಡಿಸ್ಕ್ ತೆಗೆದು ಓಡಿಸಿ. ಅದುರು ನಿಂತರೆ ತಪ್ಪು ಡಿಸ್ಕಿನದು, ಅಥವಾ ಡಿಸ್ಕಿನ ಅಡಿಯ ತಟ್ಟೆಯಾದ ಫ್ಲ್ಯಾಂಜಿನ ಮೇಲೆ ಕೂತ ಒಂದು ಕಣ ಕಬ್ಬಿಣದ್ದು. ನಿಲ್ಲದಿದ್ದರೆ ಸ್ಪಿಂಡಲ್ ಬಾಗಿದೆಯೇ, ಫ್ಯಾನಿನ ರೆಕ್ಕೆ ಮುರಿದಿದೆಯೇ ನೋಡಿ. ಎತ್ತರದಿಂದ ಬಿದ್ದ ಯಂತ್ರಗಳಲ್ಲಿ ಇವೆರಡೂ ಸಾಮಾನ್ಯ.

ಬ್ಯಾಟರಿ ಯಂತ್ರಗಳಿಗೆ ಇದೆಲ್ಲ ಬೇಡವಲ್ಲ?

ಬ್ರಷ್‌ಲೆಸ್ ಆದರೆ ಕಾರ್ಬನ್ ಇಲ್ಲ, ಕಾಮ್ಯುಟೇಟರ್ ಇಲ್ಲ. ಗೇರ್, ಗ್ರೀಸ್, ಬೇರಿಂಗ್, ಧೂಳು ಎಲ್ಲ ಹಾಗೆಯೇ ಇವೆ.

ಹದಿನೈದು ವರ್ಷದ ಯಂತ್ರ. ಇನ್ನೂ ಖರ್ಚು ಮಾಡುವುದು ಸರಿಯೇ?

ಜರ್ಮನಿಯ ಫ್ಲೆಕ್ಸ್ ಕಂಪನಿ 1954ರಲ್ಲಿ ಈ ಬಗೆಯ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅಲ್ಲಿನ ಕೆಲಸಗಾರರು ಇಂದಿಗೂ ಇದನ್ನು ‘ಫ್ಲೆಕ್ಸ್’ ಎಂದೇ ಕರೆಯುತ್ತಾರೆ. ಅಂದಿನಿಂದ ಇಂದಿನವರೆಗೆ ವೈರಿನ ಯಂತ್ರದ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಹಾಗಾಗಿ ವಯಸ್ಸಿಗೆ ನಾನು ಬೆಲೆ ಕೊಡುವುದಿಲ್ಲ. ಕಾರ್ಬನ್, ಬೇರಿಂಗ್, ಸ್ವಿಚ್, ವೈರು ಇಷ್ಟೇ ಆದರೆ ಕಣ್ಣುಮುಚ್ಚಿ ರಿಪೇರಿ ಮಾಡಿ. ಆರ್ಮೇಚರ್ ಒಂದೇ ಹೋಗಿ ಉಳಿದದ್ದೆಲ್ಲ ಗಟ್ಟಿಯಿದ್ದರೆ ಹಾಕಬಹುದು. ಆರ್ಮೇಚರ್ ಜೊತೆ ಫೀಲ್ಡೂ ಸುಟ್ಟಿದ್ದರೆ, ಅಥವಾ ಬೇರಿಂಗಿನ ಗೂಡು ಕರಗಿ ಕವಚ ಬಿರುಕು ಬಿಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಗುಜರಿಗೆ ಹಾಕುವ ಮುನ್ನ ಸ್ಪಿಂಡಲ್, ನಟ್ಟು, ಫ್ಲ್ಯಾಂಜ್, ಗಾರ್ಡ್, ಬದಿಯ ಹಿಡಿಕೆ, ನಾಲ್ಕು ಸ್ಕ್ರೂ ಇಷ್ಟನ್ನು ಬಿಚ್ಚಿ ಡಬ್ಬಿಗೆ ಹಾಕಿಡಿ. ಅದೇ ಮಾಡೆಲಿನ ಇನ್ನೊಂದು ಯಂತ್ರ ಗಾರ್ಡ್ ಇಲ್ಲದೆ ಬೆಂಚಿಗೆ ಬಂದೇ ಬರುತ್ತದೆ.